ಹಳೆಯ ಬಿಎಂಡಬ್ಲ್ಯು ಐ8: ಕಡಿಮೆ ಓಡಿದ ಕಾರೇ ಯಾಕೆ ದುಬಾರಿ

2014ರ ಆಗಸ್ಟಿನಲ್ಲಿ ಅಮೆರಿಕದ ಪೆಬಲ್ ಬೀಚ್ ಹರಾಜಿನಲ್ಲಿ ಒಂದು ವಿಶೇಷ ಆವೃತ್ತಿಯ ಬಿಎಂಡಬ್ಲ್ಯು ಐ8 ಕಾರು 8,25,000 ಡಾಲರಿಗೆ ಹೋಯಿತು. ಶೋರೂಮಿನಲ್ಲಿ ಆಗ ಅದೇ ಮಾದರಿಯ ಸಾಮಾನ್ಯ ಕಾರಿನ ಬೆಲೆ ಸುಮಾರು 1.36 ಲಕ್ಷ ಡಾಲರ್. ಈಗ ಅದೇ ವರ್ಷದ ಐ8 ಅಮೆರಿಕದಲ್ಲಿ 45ರಿಂದ 60 ಸಾವಿರ ಡಾಲರಿನ ಆಸುಪಾಸಿನಲ್ಲಿ ಸಿಗುತ್ತದೆ. ಬ್ರಿಟನ್ನಿನಲ್ಲಿ ಹೊಸದರಲ್ಲಿ ಲಕ್ಷ ಪೌಂಡಿನ ಹತ್ತಿರ ಇದ್ದದ್ದು 30–40 ಸಾವಿರಕ್ಕೆ ಇಳಿದಿದೆ. ಭಾರತಕ್ಕೆ ಈ ಕಾರು ಬಂದದ್ದು 2015ರ ಫೆಬ್ರವರಿಯಲ್ಲಿ, ಎಕ್ಸ್-ಶೋರೂಮ್ 2.29 ಕೋಟಿಗೆ. ಇಲ್ಲೂ ಸೆಕೆಂಡ್ ಹ್ಯಾಂಡ್ ಬೆಲೆ ಅದರ ಅರ್ಧಕ್ಕಿಂತ ಕೆಳಗೇ ಇದೆ.

ಕತ್ತರಿಯಂತೆ ಮೇಲಕ್ಕೇಳುವ ಬಾಗಿಲು, ಕಾರ್ಬನ್ ಫೈಬರ್ ಚೌಕಟ್ಟು, ಮುಂದೆ ವಿದ್ಯುತ್ ಮೋಟರು, ಹಿಂದೆ ಪೆಟ್ರೋಲಿನ ಟರ್ಬೊ ಎಂಜಿನ್, ಅಂದರೆ ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್. ಇಷ್ಟೆಲ್ಲ ಒಂದು ಒಳ್ಳೆಯ ಎಸ್‌ಯುವಿಯ ಬೆಲೆಗೆ ಬರುತ್ತದೆಂದರೆ ಯಾರಿಗೂ ಆಸೆಯಾಗುತ್ತದೆ. ಆಸೆಪಡುವುದು ತಪ್ಪೇನಲ್ಲ. ಬೆಲೆ ಬಿದ್ದದ್ದು ಯಾಕೆ, ಇನ್ನೂ ಬೀಳುತ್ತದೆಯೇ, ಕೊಂಡ ಮೇಲೆ ದುಡ್ಡು ಎಲ್ಲಿ ಸೋರುತ್ತದೆ ಎಂಬ ಲೆಕ್ಕ ಮಾತ್ರ ಮೊದಲೇ ಗೊತ್ತಿರಬೇಕು.

ಬಿದ್ದದ್ದಕ್ಕೆ ಮುಖ್ಯ ಕಾರಣ ಕಾರು ಕೆಟ್ಟದ್ದೆಂದಲ್ಲ, ರೂಪಕ್ಕೂ ಗುಣಕ್ಕೂ ತಾಳೆಯಾಗದ್ದು. ನೋಡಲು ಫೆರಾರಿಯ ಪಂಕ್ತಿ. ಒಳಗಿರುವುದು 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್, ಬಿಎಂಡಬ್ಲ್ಯು ತನ್ನ ಮಿನಿ ಕಾರುಗಳಿಗೂ ಹಾಕುವ ಬಿ38 ಕುಟುಂಬದ್ದೇ. ಅದನ್ನು ಹಿಂಡಿ 231 ಅಶ್ವಶಕ್ತಿ ತೆಗೆದಿದ್ದಾರೆ. ಮುಂದಿನ ಚಕ್ರಗಳಿಗೆ 131 ಅಶ್ವಶಕ್ತಿಯ ಮೋಟರು. ಎರಡೂ ಸೇರಿ 362. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 4.4 ಸೆಕೆಂಡ್. ಇದೇನೂ ಕಡಿಮೆಯಲ್ಲ, ಆದರೆ ಅದೇ ದುಡ್ಡಿಗೆ ಪೋರ್ಶ 911 ಸಿಗುತ್ತಿತ್ತು. ಅದರ ಮೇಲೆ ಲೀಸ್ ಮುಗಿದ ಕಾರುಗಳು ಎರಡು-ಮೂರು ವರ್ಷಕ್ಕೇ ಮಾರುಕಟ್ಟೆಗೆ ಬಂದು ಬಿದ್ದವು. ಬ್ಯಾಟರಿ ಸತ್ತರೆ ಏನು ಗತಿ ಎಂಬ ಭಯ ಉಳಿದ ಕೆಲಸ ಮಾಡಿತು.

ಆ ಇಳಿಜಾರು ಈಗ ಹೆಚ್ಚುಕಡಿಮೆ ಮುಗಿದಿದೆ. 2020ರ ಜೂನಿನಲ್ಲಿ ಲೈಪ್‌ಜಿಗ್ ಕಾರ್ಖಾನೆಯಲ್ಲಿ ತಯಾರಿಕೆ ನಿಂತಿತು. ಒಟ್ಟು ತಯಾರಾದದ್ದು 20 ಸಾವಿರ ಚಿಲ್ಲರೆ. ಇದರ ಉತ್ತರಾಧಿಕಾರಿ ಎಂದು ಇನ್ನೊಂದು ಕಾರು ಬರಲಿಲ್ಲ. ಹಾಗಾಗಿ ಒಳ್ಳೆಯ ಸ್ಥಿತಿಯಲ್ಲಿರುವ ಐ8ರ ಬೆಲೆ ವರ್ಷಕ್ಕೆ ಕೆಲವೇ ಪ್ರತಿಶತ ಜಾರುತ್ತದೆ, ಮೊದಲಿನ ಹಾಗೆ ಕುಸಿಯುವುದಿಲ್ಲ. 2018ರ ನಂತರದ ದೊಡ್ಡ ಬ್ಯಾಟರಿಯ ಕಾರುಗಳು, ರೋಡ್‌ಸ್ಟರ್, ಪ್ರೋಟಾನಿಕ್ ಬಣ್ಣದ ಆವೃತ್ತಿಗಳು, ಕೇವಲ 200 ಮಾಡಿದ ಅಲ್ಟಿಮೇಟ್ ಸೊಫಿಸ್ಟೊ ಇವೆಲ್ಲ ಇನ್ನೂ ಗಟ್ಟಿಯಾಗಿ ನಿಂತಿವೆ. ಮೊದಲ ಮಾಲೀಕ ಬೆಲೆ ಇಳಿಕೆಯ ಪೆಟ್ಟು ತಿಂದಾಗಿದೆ. ಎರಡನೆಯ, ಮೂರನೆಯ ಮಾಲೀಕನಿಗೆ ಬೀಳುವ ಪೆಟ್ಟು ಬೇರೆ ಕಡೆಯಿಂದ ಬರುತ್ತದೆ: ಕಾರು ನಿಂತಲ್ಲೇ ನಿಂತಿದ್ದ ಕಾಲದಿಂದ.

ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡುವವರು ಮೊದಲು ಬಗ್ಗುವುದೇ ಓಡೋಮೀಟರಿಗೆ. ಹತ್ತು ವರ್ಷಕ್ಕೆ 9 ಸಾವಿರ ಕಿಲೋಮೀಟರ್ ಅಂದರೆ ಕಣ್ಣರಳುತ್ತದೆ, ಮಾರುವವನೂ ಅದಕ್ಕೆ ಹತ್ತು ಲಕ್ಷ ಜಾಸ್ತಿ ಹೇಳುತ್ತಾನೆ. ಈ ಕಾರಿನಲ್ಲಿ ಆ ಲೆಕ್ಕ ತಲೆಕೆಳಗು. ವರ್ಷಕ್ಕೆ ಎಂಟು-ಹತ್ತು ಸಾವಿರ ಕಿ.ಮೀ. ಓಡಿಸಿ, ಕ್ರಮವಾಗಿ ಸರ್ವಿಸ್ ಮಾಡಿಸಿದ ಐ8, ಹೊದಿಕೆ ಹೊದ್ದು ಮಲಗಿದ್ದ ಐ8ಗಿಂತ ಎಷ್ಟೋ ವಾಸಿ.

ಮೊದಲು ಸಾಯುವುದು 12 ವೋಲ್ಟಿನ ಚಿಕ್ಕ ಬ್ಯಾಟರಿ. ಇಷ್ಟು ದೊಡ್ಡ ಬ್ಯಾಟರಿ ಇರುವಾಗ ಅದೇಕೆ ಎನ್ನಬಹುದು. ಕಾರಿನ ಕಂಪ್ಯೂಟರುಗಳನ್ನು ಎಬ್ಬಿಸುವುದು, ದೊಡ್ಡ ಬ್ಯಾಟರಿಯ ಒಳಗಿನ ಸ್ವಿಚ್ಚನ್ನು ಹಾಕುವುದು ಈ ಚಿಕ್ಕದರ ಕೆಲಸ. ಅದರ ವೋಲ್ಟೇಜ್ ಸ್ವಲ್ಪ ಬಿದ್ದರೂ ಪರದೆಯ ಮೇಲೆ ಎಚ್ಚರಿಕೆಗಳ ಜಾತ್ರೆ ಶುರು: ಡ್ರೈವ್‌ಟ್ರೇನ್ ದೋಷ, ಚಾರ್ಜಿಂಗ್ ದೋಷ, ಬ್ರೇಕ್ ದೋಷ. ಇಂಥ ಸುಳ್ಳು ದೋಷಗಳನ್ನು ನಂಬಿ ದೊಡ್ಡ ಭಾಗಗಳನ್ನೇ ಬದಲಾಯಿಸಿ ಕೈಸುಟ್ಟುಕೊಂಡವರಿದ್ದಾರೆ. ಯಾವುದೇ ದೋಷ ಕಂಡರೂ ಮೊದಲ ಹೆಜ್ಜೆ ಒಂದೇ: ಕಾರು ಪೂರ್ತಿ ಮಲಗಿದ ಮೇಲೆ ಚಿಕ್ಕ ಬ್ಯಾಟರಿಯ ವೋಲ್ಟೇಜ್ ಅಳೆಯುವುದು. 12.4ರ ಕೆಳಗಿದ್ದರೆ ಅದನ್ನು ಬದಲಿಸಿ, ಹೊಸ ಬ್ಯಾಟರಿಯನ್ನು ಕಂಪ್ಯೂಟರಿನಲ್ಲಿ ನೋಂದಾಯಿಸಿ, ದೋಷಗಳನ್ನು ಅಳಿಸಿ, ನಂತರ ಮತ್ತೇನು ಉಳಿಯಿತು ನೋಡಬೇಕು. ಐದು ವರ್ಷ ದಾಟಿದ್ದರೆ ಅಳೆಯುವ ಗೋಜೂ ಬೇಡ, ಬದಲಿಸಿಬಿಡಿ. ಇನ್ನೊಂದು ಮಾತು, ಮುಂದಿನ ಬಾನೆಟ್ ಮಾಲೀಕನ ಕೈಗಲ್ಲ, ವರ್ಕ್‌ಶಾಪಿನವರಿಗೇ. ಕಾರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹೀಗೆ ಮಲಗಿಬಿಟ್ಟರೆ ಪಕ್ಕದ ಮನೆಯವರ ಜಂಪರ್ ಕೇಬಲ್ ಹಿಡಿದು ಓಡುವ ಹಳೆಯ ಉಪಾಯ ಸುಲಭದಲ್ಲಿ ನಡೆಯದು.

ಇನ್ನು ದೊಡ್ಡ ಬ್ಯಾಟರಿ. 2017ರವರೆಗಿನ ಕಾರುಗಳಲ್ಲಿ ಒಟ್ಟು 7.1 ಯೂನಿಟ್ ಹಿಡಿಯುತ್ತದೆ, ಬಳಕೆಗೆ ಬಿಟ್ಟಿರುವುದು 5.2. ನಂತರದ ಕಾರುಗಳಲ್ಲಿ 11.6ಕ್ಕೆ 9.4. ಮೊದಲಿನದರಲ್ಲಿ ಸ್ಯಾಮ್‌ಸಂಗ್ ಎಸ್‌ಡಿಐ ಕಂಪನಿಯ 96 ಸೆಲ್‌ಗಳು, 16ರಂತೆ ಆರು ಮಾಡ್ಯೂಲ್ (ಸೆಲ್‌ಗಳ ಕಟ್ಟು), ಎರಡು ಸೀಟುಗಳ ನಡುವೆ ಬೆನ್ನುಮೂಳೆಯ ಹಾಗೆ ಮಲಗಿರುತ್ತವೆ. ಮಾಡ್ಯೂಲುಗಳಾಗಿ ಜೋಡಿಸಿರುವುದರಿಂದ ಒಂದು ಕೆಟ್ಟರೆ ಒಂದನ್ನೇ ಬದಲಿಸುವ ದಾರಿ ತಾತ್ವಿಕವಾಗಿ ಇದೆ. ಆದರೆ ಬ್ಯಾಟರಿಯನ್ನು ಕೆಳಗಿನಿಂದ ಇಳಿಸಬೇಕು, ಹೈ ವೋಲ್ಟೇಜ್ ತರಬೇತಿ ಪಡೆದವರೇ ಬೇಕು. ಬ್ಯಾಟರಿಗೆ ಇದ್ದ ಎಂಟು ವರ್ಷದ ವಾರಂಟಿ ಮೊದಮೊದಲ ಕಾರುಗಳಿಗೆ ಮುಗಿದ ಕಥೆ. ಆದ್ದರಿಂದ ಒಂದು ಮಾಡ್ಯೂಲ್ ಬದಲಿಗೆ ಎಷ್ಟು, ಪೂರ್ತಿ ಬ್ಯಾಟರಿಗೆ ಎಷ್ಟು ಎಂದು ಹತ್ತಿರದ ವರ್ಕ್‌ಶಾಪಿನಿಂದ ಕಾರು ಕೊಳ್ಳುವ ಮೊದಲೇ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಆ ಕಾಗದ ಚೌಕಾಸಿಗೂ ಒದಗುತ್ತದೆ.

ಬ್ಯಾಟರಿಯ ಆರೋಗ್ಯ ತಿಳಿಯಲು ದುಬಾರಿ ಉಪಕರಣ ಇಲ್ಲದೆಯೂ ಒಂದು ಉಪಾಯ ಇದೆ. ಕಾರನ್ನು ಇ-ಡ್ರೈವ್ ಮೋಡಿನಲ್ಲಿ, ಅಂದರೆ ಬರೀ ವಿದ್ಯುತ್ತಿನಲ್ಲಿ, ಎಂಜಿನ್ ತಾನಾಗಿ ಶುರುವಾಗುವವರೆಗೆ ಓಡಿಸಿ. ನಂತರ ಯೂನಿಟ್ ತೋರಿಸುವ ಮೀಟರ್ ಸಾಕೆಟ್ಟಿಗೆ ಚುಚ್ಚಿ, ಪೂರ್ತಿ ಚಾರ್ಜ್ ಆಗುವವರೆಗೆ ಬಿಡಿ. ಮೂರು ಗಂಟೆ ಸಾಕು. ಚಾರ್ಜರಿನಲ್ಲಿ ಸುಮಾರು ಹನ್ನೆರಡು ಪ್ರತಿಶತ ಶಾಖವಾಗಿ ಹೋಗುತ್ತದೆಂದು ಹಿಡಿದರೆ, ಹೊಸದರಂತಿರುವ ಹಳೆಯ ಮಾದರಿ ಗೋಡೆಯಿಂದ 5.8–6 ಯೂನಿಟ್ ಎಳೆಯಬೇಕು. 4.5ಕ್ಕೇ ಚಾರ್ಜ್ ತುಂಬಿತೆಂದರೆ ಸಾಮರ್ಥ್ಯದಲ್ಲಿ ಸುಮಾರು ಕಾಲು ಭಾಗ ಹೋಗಿದೆ. ಪರೀಕ್ಷೆಯ ದಿನ ಕಾರು ತೀರಾ ತಣ್ಣಗಿರಬಾರದು, ಬ್ಯಾಟರಿ ಚಳಿಯಲ್ಲಿ ಕಡಿಮೆ ತೋರಿಸುತ್ತದೆ. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ಸಾಧನ ಇಟ್ಟುಕೊಂಡವರು ಸೆಲ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನೂ ನೋಡಲಿ. ಎಲ್ಲ ಸೆಲ್‌ಗಳೂ ಸಮನಾಗಿ ಕುಗ್ಗಿದ್ದರೆ ಅದು ವಯಸ್ಸು. ಒಂದೇ ಒಂದು ಹಿಂದೆ ಬಿದ್ದಿದ್ದರೆ ಅದು ರೋಗ.

ಮಾರುವವರ ಒಂದು ಚಮತ್ಕಾರವೂ ಗೊತ್ತಿರಲಿ. ಸ್ಪೋರ್ಟ್ ಮೋಡಿನಲ್ಲಿ ಎಂಜಿನ್ ಸದಾ ಓಡುತ್ತಾ ಬ್ಯಾಟರಿಯನ್ನು ತುಂಬಿಸುತ್ತದೆ. ಹಾಗೆ ತುಂಬಿಸಿ ತಂದು ನಿಲ್ಲಿಸಿದ ಕಾರು ಎಷ್ಟು ಚೆನ್ನಾಗಿ ಓಡಿದರೂ ಪ್ಲಗ್ ಹಾಕಿದಾಗ ಚಾರ್ಜ್ ಆಗುತ್ತದೆಯೋ ಇಲ್ಲವೋ ಗೊತ್ತಾಗದು. ಕಾರಿನೊಳಗಿನ ಚಾರ್ಜರ್ ಪೆಟ್ಟಿಗೆ ಕೆಟ್ಟಿದ್ದರೆ ಅದೊಂದೇ ದೊಡ್ಡ ಬಿಲ್ಲು. ನಿಮ್ಮ ಕಣ್ಣೆದುರು ಪ್ಲಗ್ ಹಾಕಿಸಿ ಅರ್ಧ ಗಂಟೆಯಾದರೂ ನೋಡಿ.

ಎಸಿಯ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ಕೊಳ್ಳುವವರು ಇದನ್ನು ತಂಪಿನ ವಿಷಯ ಅಂದುಕೊಳ್ಳುತ್ತಾರೆ. ಐ8ರಲ್ಲಿ ದೊಡ್ಡ ಬ್ಯಾಟರಿಯನ್ನು ತಣ್ಣಗಿಡುವುದು ಎಸಿಯ ಗ್ಯಾಸೇ. ನೀರಿನ ಕೊಳವೆಯಲ್ಲ, ಗ್ಯಾಸಿನ ಕೊಳವೆ ನೇರವಾಗಿ ಬ್ಯಾಟರಿಯೊಳಗೆ ಹೋಗುತ್ತದೆ. ಹಾಗಾಗಿ ಎಸಿ ಗ್ಯಾಸ್ ಸೋರಿದರೆ ಬೆವರುವುದು ನೀವೊಬ್ಬರೇ ಅಲ್ಲ, ಬ್ಯಾಟರಿಯೂ. ಬಿಸಿಯಾದ ಬ್ಯಾಟರಿ ಮೋಟರಿಗೆ ಶಕ್ತಿ ಕೊಡುವುದನ್ನು ಕಡಿಮೆ ಮಾಡುತ್ತದೆ, ಬೇಗ ಮುಪ್ಪಾಗುತ್ತದೆ. ಇನ್ನೂ ಕೆಟ್ಟದ್ದು ಕಂಪ್ರೆಸರ್ ಒಳಗೊಳಗೇ ಸವೆದು ಪುಡಿಯಾಗುವುದು. ಇದರ ಒಡಹುಟ್ಟು ಐ3 ಕಾರಿನಲ್ಲಿ ಇದು ಹೆಸರಾದ ತೊಂದರೆ. ಲೋಹದ ಪುಡಿ ಗ್ಯಾಸಿನ ಜೊತೆ ಕೊಳವೆಗಳಲ್ಲೆಲ್ಲ ಹರಡಿ ಬ್ಯಾಟರಿಯೊಳಗಿನ ತಂಪುಪಟ್ಟಿಯವರೆಗೂ ಹೋಗುತ್ತದೆ. ಆಗ ಕಂಪ್ರೆಸರ್ ಒಂದನ್ನೇ ಬದಲಿಸಿದರೆ ಹೊಸದೂ ಕೆಡುತ್ತದೆ, ಪೂರ್ತಿ ವ್ಯವಸ್ಥೆಯನ್ನೇ ಬಿಚ್ಚಬೇಕು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇಲ್ಲಿಗೆ ಹೇಳಿ ಮಾಡಿಸಿದ ಮಾತು. ನೋಡಲು ಹೋದಾಗ ಎಸಿಯನ್ನು ಅತಿ ತಂಪಿಗಿಟ್ಟು ಎಂಜಿನ್ ನಿಂತಿರುವಾಗ ಕಿವಿಗೊಡಿ. ಕರಕರ, ಗರಗರ ಸದ್ದಿದ್ದರೆ ಬೇರೆ ಕಾರು ನೋಡಿ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಸೀಲುಗಳಿಗೆ ಎಣ್ಣೆ ತಲುಪದೆ ಒಣಗಿ ಗ್ಯಾಸ್ ಸೋರುವುದು ಸಾಮಾನ್ಯ.

ಪೆಟ್ರೋಲ್ ಟ್ಯಾಂಕೂ ಮಾಮೂಲಿಯದಲ್ಲ. ಎಂಜಿನ್ ದಿನಗಟ್ಟಲೆ ಓಡದಿದ್ದರೆ ಪೆಟ್ರೋಲಿನ ಆವಿಯನ್ನು ಸುಡಲು ದಾರಿಯಿಲ್ಲ, ಅದಕ್ಕೆ ಒತ್ತಡ ತಡೆಯುವ ಮುಚ್ಚಿದ ಟ್ಯಾಂಕು. ಬಟನ್ ಒತ್ತಿ ಒತ್ತಡ ಇಳಿಯುವವರೆಗೆ ಕಾದರೆ ಮಾತ್ರ ಮುಚ್ಚಳ ತೆರೆಯುತ್ತದೆ. ಕೆಲವು ಸೆಕೆಂಡು ಹಿಡಿದರೆ ಸರಿ. ತೆರೆಯಲೇ ಇಲ್ಲವೆಂದರೆ ಸೆನ್ಸರೋ ವಾಲ್ವೋ ಕೆಟ್ಟಿದೆ, ಬಂಕಿನಲ್ಲಿ ಹಿಂದಿನವರ ಹಾರ್ನ್ ಕೇಳುತ್ತಾ ನಿಲ್ಲುವ ಯೋಗ.

ಬ್ರೇಕಿನ ಕೆಲಸದಲ್ಲಿ ಬಹುಪಾಲು ಮೋಟರೇ ಮಾಡುವುದರಿಂದ ಪ್ಯಾಡು ಸವೆಯುವುದಿಲ್ಲ, ಡಿಸ್ಕು ತುಕ್ಕು ಹಿಡಿಯುತ್ತದೆ. ಚಕ್ರದ ಸಂದಿನಿಂದ ಡಿಸ್ಕಿನ ಒಳಮೈ ನೋಡಿ. ಬಾಗಿಲನ್ನು ಎತ್ತಿ ಕೈಬಿಡಿ, ತಾನಾಗಿ ಕೆಳಗೆ ಜಾರಿದರೆ ಅದನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ದಣಿದಿದೆ. ಇವು ಸಣ್ಣ ಖರ್ಚು.

ಟೈರು ಸಣ್ಣ ಖರ್ಚಲ್ಲ. ಮುಂದೆ 195/50 ಆರ್20, ಹಿಂದೆ 215/45 ಆರ್20, ಅಗಲದ ಆಯ್ಕೆ ತೆಗೆದುಕೊಂಡವರಿಗೆ ಮುಂದೆ 215/45, ಹಿಂದೆ 245/40. ಇಪ್ಪತ್ತು ಇಂಚಿನ ರಿಮ್ಮಿಗೆ 195ರ ಸಪೂರ ಟೈರು ಇನ್ನಾವ ಕಾರಿಗೂ ಹೆಚ್ಚುಕಡಿಮೆ ಬರುವುದಿಲ್ಲ. ಕಂಪನಿಯಿಂದಲೇ ಬಂದದ್ದು ಬ್ರಿಡ್ಜ್‌ಸ್ಟೋನ್ ಪೊಟೆಂಜಾ ಎಸ್001, ಬೇರೆ ಆಯ್ಕೆಗಳು ಬೆರಳೆಣಿಕೆ. ಅಮೆರಿಕದಲ್ಲಿ ನಾಲ್ಕಕ್ಕೆ ಸಾವಿರ ಡಾಲರ್ ದಾಟುತ್ತದೆ. ಭಾರತದಲ್ಲಿ ಬೆಲೆಗಿಂತ ಕಾಯುವುದೇ ಕಷ್ಟ, ಒಂದು ಟೈರು ಸೀಳಿದರೆ ವಾರಗಟ್ಟಲೆ ಕಾರು ಮನೆಯಲ್ಲೇ. ಕಡಿಮೆ ಓಡಿದ ಕಾರಿನಲ್ಲಿ ಟೈರಿನ ಟ್ರೆಡ್ ಪೂರ್ತಿ ಉಳಿದಿರುತ್ತದೆ, ರಬ್ಬರು ಮಾತ್ರ ಕಲ್ಲಾಗಿರುತ್ತದೆ. ಟೈರಿನ ಪಕ್ಕದ ನಾಲ್ಕಂಕಿ ಓದಿ: 1416 ಅಂದರೆ 2016ರ 14ನೇ ವಾರ. ಆರು ವರ್ಷ ದಾಟಿದ್ದರೆ ನಾಲ್ಕೂ ಟೈರಿನ ಬೆಲೆಯನ್ನು ಕಾರಿನ ಬೆಲೆಯಲ್ಲಿ ಕಳೆಯಿರಿ.

ಒಂದು ಲೆಕ್ಕ ಹಾಕೋಣ. ಕ್ಯಾಲಿಫೋರ್ನಿಯಾದಲ್ಲಿರುವ ಯಾರೋ 50 ಸಾವಿರ ಡಾಲರಿಗೆ ಒಳ್ಳೆಯ ಐ8 ಕೊಂಡು, ವರ್ಷಕ್ಕೆ 5 ಸಾವಿರ ಮೈಲಿ ಓಡಿಸಿ, ಮೂರು ವರ್ಷದ ನಂತರ 42 ಸಾವಿರಕ್ಕೆ ಮಾರಿದರು ಅಂದುಕೊಳ್ಳಿ. ಬೆಲೆ ಇಳಿಕೆ 8,000. ಮಾರಾಟ ತೆರಿಗೆ ಕನಿಷ್ಠ 7.25 ಪ್ರತಿಶತದಂತೆ 3,625. ವಿಮೆ ವರ್ಷಕ್ಕೆ 2,500 ಹಿಡಿದರೆ 7,500. ಸರ್ವಿಸ್ 2,400. ನಾಲ್ಕು ಟೈರು 1,200, ಚಿಕ್ಕ ಬ್ಯಾಟರಿ 300. ಅನಿರೀಕ್ಷಿತ ರಿಪೇರಿಗೆಂದು ವರ್ಷಕ್ಕೆ 2,000ದಂತೆ ತೆಗೆದಿಟ್ಟದ್ದು 6,000. ಪೆಟ್ರೋಲು, ಗ್ಯಾಲನ್ನಿಗೆ 28 ಮೈಲಿ ಮತ್ತು 5 ಡಾಲರಿನ ಲೆಕ್ಕದಲ್ಲಿ ಸುಮಾರು 2,700. ಒಟ್ಟು 31,725, ಅಂದರೆ ವರ್ಷಕ್ಕೆ 10,575. ಮೈಲಿಗೆ ಎರಡು ಡಾಲರಿಗಿಂತ ಹೆಚ್ಚು. ಇದರಲ್ಲಿ ಪೆಟ್ರೋಲಿನ ಪಾಲು ಹತ್ತನೇ ಒಂದು ಭಾಗವೂ ಇಲ್ಲ. ಹೈಬ್ರಿಡ್ ಅಲ್ಲವೇ, ಪೆಟ್ರೋಲು ಉಳಿಯುತ್ತದೆ ಎಂದು ಇದನ್ನು ಕೊಳ್ಳುವವರು ತಮಗೆ ತಾವೇ ಕಥೆ ಹೇಳಿಕೊಳ್ಳುತ್ತಿದ್ದಾರೆ ಅಷ್ಟೇ. ಅಮೆರಿಕದ ಅಧಿಕೃತ ಅಂಕಿಯಂತೆ ಹಳೆಯ ಮಾದರಿಗೆ ಒಂದು ಪೂರ್ತಿ ಚಾರ್ಜಿಗೆ 15 ಮೈಲಿ. ಅಷ್ಟು ದೂರಕ್ಕೆ ಪೆಟ್ರೋಲಾದರೆ 2.70 ಡಾಲರ್, ಯೂನಿಟ್ಟಿಗೆ 30 ಸೆಂಟಿನ ವಿದ್ಯುತ್ತಾದರೆ 1.80. ಚಾರ್ಜಿಗೊಮ್ಮೆ ಉಳಿಯುವುದು 90 ಸೆಂಟ್.

ಅದೇ ಲೆಕ್ಕ ಬೆಂಗಳೂರಿನಲ್ಲಿ ಬೇರೆ. 15 ಮೈಲಿ ಅಂದರೆ 24 ಕಿ.ಮೀ., ಎರಡು ಲೀಟರ್ ಪೆಟ್ರೋಲು, 200 ರೂಪಾಯಿ ದಾಟಿತು. ಆರು ಯೂನಿಟ್ ವಿದ್ಯುತ್ತು 7 ರೂಪಾಯಿಯಂತೆ 42. ಜಯನಗರದಿಂದ ಎಂ.ಜಿ. ರಸ್ತೆಗೆ ಹೋಗಿ ಬರುವವರಿಗೆ ಎಂಜಿನ್ ಶುರುವಾಗದೆಯೇ ದಿನ ಕಳೆಯಬಹುದು. ಸಾಕೆಟ್ಟು 16 ಆಂಪಿಯರಿನದಾಗಿ, ಅರ್ಥಿಂಗ್ ಸರಿಯಾಗಿರಬೇಕು. ಅರ್ಥಿಂಗ್ ಕೆಟ್ಟಿದ್ದರೆ ಕೇಬಲ್ ಚಾರ್ಜ್ ಮಾಡಲು ಒಪ್ಪುವುದೇ ಇಲ್ಲ, ಜನ ಕಾರನ್ನು ಬೈಯುತ್ತಾರೆ. ಆದರೆ ಎಂಜಿನ್ನನ್ನು ತಿಂಗಳುಗಟ್ಟಲೆ ಮಲಗಿಸಲೂ ಬೇಡಿ. ಹದಿನೈದು ದಿನಕ್ಕೊಮ್ಮೆ ಸ್ಪೋರ್ಟ್ ಮೋಡಿನಲ್ಲಿ ಅರ್ಧ ಗಂಟೆ ಓಡಿಸಿದರೆ ಎಣ್ಣೆ ಬಿಸಿಯಾಗಿ ಅದರೊಳಗಿನ ನೀರಿನಂಶ ಆವಿಯಾಗುತ್ತದೆ. ಪೆಟ್ರೋಲ್ ಹಾಕಿಸುವ ಮೊದಲು ಮಾಲೀಕರ ಕೈಪಿಡಿಯಲ್ಲಿ ಎಥೆನಾಲ್ ಮಿತಿ ಎಷ್ಟೆಂದು ನೋಡಿ. ಬಂಕುಗಳಲ್ಲಿ ಈಗ ಸಿಗುವುದು 20 ಪ್ರತಿಶತ ಬೆರೆಸಿದ್ದು, ಈ ಕಾರು ರೂಪುಗೊಂಡ ಕಾಲ ಬೇರೆ.

ಕರ್ನಾಟಕದಲ್ಲಿ ಕೊಳ್ಳುವವರು ಎಡವುವ ದೊಡ್ಡ ಜಾಗ ಆರ್‌ಟಿಒ. ದೆಹಲಿಯಲ್ಲೋ ಮುಂಬೈಯಲ್ಲೋ ಅಗ್ಗಕ್ಕೆ ಸಿಕ್ಕಿತೆಂದು ತಂದರೆ 12 ತಿಂಗಳೊಳಗೆ ಇಲ್ಲಿ ಮರುನೋಂದಣಿ ಆಗಬೇಕು, ಜೀವಿತಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಅದು 18 ಪ್ರತಿಶತ, ಮೇಲೆ ಸೆಸ್. ಕಾರಿನ ವಯಸ್ಸಿಗೆ ತಕ್ಕ ರಿಯಾಯಿತಿ ಇದೆ, ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದಲ್ಲ, ಕಾರಿನ ಮೂಲ ಬೆಲೆಯಿಂದ. 2.29 ಕೋಟಿಗೆ 18 ಪ್ರತಿಶತ ಅಂದರೆ 41 ಲಕ್ಷ. ರಿಯಾಯಿತಿ ಕಳೆದು ನೂರಕ್ಕೆ 40 ಭಾಗ ಉಳಿಯಿತು ಅಂದುಕೊಂಡರೂ 16 ಲಕ್ಷ. ದೆಹಲಿಯ ಅಗ್ಗ ಹತ್ತು ಲಕ್ಷದ್ದಾಗಿದ್ದರೆ ಆರು ಲಕ್ಷ ನಷ್ಟ. ಕೆಎ ನಂಬರಿನ ಕಾರಿಗೆ ಸ್ವಲ್ಪ ಜಾಸ್ತಿ ಕೊಡುವುದು ಇದಕ್ಕೇ ಲಾಭ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30, ಹೊರರಾಜ್ಯದ್ದಾದರೆ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಸಾಲ ಇದ್ದಿದ್ದರೆ ಅದು ತೀರಿದ್ದಕ್ಕೆ 35. ಇವು ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ವಿಮೆಯಲ್ಲೂ ಒಂದು ಮುಳ್ಳಿದೆ. ಭಾರತದ ಮೋಟಾರು ವಿಮೆಯ ರೂಢಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗಳ ಬದಲಿಗೆ ಅರ್ಧ ಹಣ ಮಾಲೀಕನದೇ. ಐ8ರ ಹೊರಮೈಯ ಬಹುಪಾಲು ಥರ್ಮೊಪ್ಲಾಸ್ಟಿಕ್, ಅತಿ ದುಬಾರಿ ಭಾಗವೇ ಬ್ಯಾಟರಿ! ಈ ಕಡಿತ ಬೇಡವೆಂದು ಹೆಚ್ಚು ಹಣ ಕೊಟ್ಟು ಕೊಳ್ಳುವ ಜೀರೊ ಡೆಪ್ರಿಸಿಯೇಷನ್ ಸೇರಿಸಿದರೆ ಪ್ಲಾಸ್ಟಿಕ್ಕಿನ ಮಟ್ಟಿಗೆ ಇದು ತಪ್ಪುತ್ತದೆ, ಆದರೆ ಇಷ್ಟು ಹಳೆಯ ಕಾರಿಗೆ ಅದನ್ನು ಕೊಡುವ ಕಂಪನಿ ಹುಡುಕಬೇಕು. ಐದು ವರ್ಷ ದಾಟಿದ ಕಾರಿನ ಐಡಿವಿ, ಅಂದರೆ ವಿಮೆಗೆ ಹಿಡಿಯುವ ಕಾರಿನ ಬೆಲೆ, ಮಾಲೀಕನೂ ಕಂಪನಿಯೂ ಒಪ್ಪಿದ್ದು. ಕಡಿಮೆ ಪ್ರೀಮಿಯಂ ಆಸೆಗೆ ಅದನ್ನು ತಗ್ಗಿಸಿಕೊಂಡರೆ, ಒಂದು ದೊಡ್ಡ ಗುದ್ದಿಗೇ ಕಾರು ಟೋಟಲ್ ಲಾಸ್ ಆಗಿ ನಿಮ್ಮ ಕೈಗೆ ಸಿಗುವುದು ಅಷ್ಟೇ. ಗುದ್ದಿನ ಚರಿತ್ರೆ ಇರುವ ಕಾರಿನಲ್ಲಿ ಬಾಗಿಲ ಕೆಳಗಿನ ಕಾರ್ಬನ್ ಹೊಸ್ತಿಲನ್ನು ಟಾರ್ಚು ಹಾಕಿ ನೋಡಿ. ಲೋಹದ ಹಾಗೆ ಅದು ನೆಗ್ಗುವುದಿಲ್ಲ, ಸೀಳುತ್ತದೆ, ತಟ್ಟಿ ನೇರ ಮಾಡಲಾಗದು. ಅಡಿಭಾಗದ ಹೊದಿಕೆಯನ್ನೂ ಲಿಫ್ಟಿನ ಮೇಲೆ ನೋಡಬೇಕು. ನೆಲದಿಂದ 12 ಸೆಂಟಿಮೀಟರಿನ ಎತ್ತರ, ಮುಂದಕ್ಕೆ ಚಾಚಿದ ಮೂತಿ, ನಮ್ಮೂರಿನ ಹಂಪುಗಳು. ಹೊದಿಕೆಯ ಕ್ಲಿಪ್ಪುಗಳು ಕಿತ್ತಿರದ ಐ8 ಅಪರೂಪ.

ಕೊನೆಯದಾಗಿ ಹಣ ಎಣಿಸುವ ಮೊದಲು ಬೂಟು ತೆರೆಯಿರಿ. 154 ಲೀಟರಿನ, ಎಂಜಿನ್ ಶಾಖಕ್ಕೆ ಬೆಚ್ಚಗಾಗುವ ಆ ಪುಟ್ಟ ಜಾಗದಲ್ಲಿ ಕಾರಿನ ಜೊತೆ ಬಂದ ಚಾರ್ಜಿಂಗ್ ಕೇಬಲ್ ಇದೆಯೇ? ಎರಡೂ ಕೀಲಿಗಳಿವೆಯೇ? ವರ್ಷವಾರು ಸರ್ವಿಸ್ ಬಿಲ್ಲು, ಬ್ಯಾಟರಿ ಪರೀಕ್ಷೆಯ ವರದಿ ಇವೆಯೇ? 2020ರ ಕಾರಾದರೆ ಆ ವರ್ಷ ಬ್ಯಾಟರಿ ದೋಷಕ್ಕಾಗಿ ಪ್ಲಗ್-ಇನ್ ಕಾರುಗಳನ್ನು ಕಂಪನಿ ವಾಪಸ್ ಕರೆಸಿದ್ದ ರೀಕಾಲ್ ಇದಕ್ಕೂ ಬಂದಿತ್ತೇ, ಕೆಲಸ ಮುಗಿದಿದೆಯೇ ಎಂದು ಚಾಸಿ ಸಂಖ್ಯೆ ಹಾಕಿ ನೋಡಿ. ನೀವು ಮಾರುವ ದಿನ ಮುಂದಿನವರು ಕೇಳುವುದೂ ಇವನ್ನೇ. ಕೇಬಲ್ ಕಳೆದ ಕಾರಿಗೆ ಅದರ ಬೆಲೆಯ ಎರಡರಷ್ಟು ಕಡಿತ ಕೇಳುತ್ತಾರೆ, ಕೊಡಬೇಕಾಗುತ್ತದೆ.